ಅರ್ಧ ಒಳಗೆ, ಅರ್ಧ ಹೊರಗೆ

ನಾಲ್ಕು ಸಾವಿರ ಬಟ್ಟಲು, ಅಷ್ಟೇ.
ಪೈನ್ ಮರದ ಗಾಯದ ಕೆಳಗೆ ಕಟ್ಟಿ
ಅಂಟು ಹಿಡಿಯುವ ಬಟ್ಟಲು.
ಇದಕ್ಕೆ ಉಕ್ಕಿನ ಅಚ್ಚು ಮಾಡಿಸಿದರೆ
ಕಾಡನ್ನೇ ಮಾರಬೇಕಾದೀತು ಅಂದ ಅಡೆರಿತು.
ನಕ್ಕ. ಆಮೇಲೆ ನಗಲಿಲ್ಲ.
ಬೆಂಕಿ ಉಂಡು ಬಿಟ್ಟ ಎಂಜಲು ಆ ಕಾಡು.

ಹಾಗಾಗಿ ಅಲ್ಯೂಮಿನಿಯಂ.
ಮರೀನ್ಯ ಗ್ರಾಂಡ್‌ನ ಹಳಬರು ಈ ಲೋಹಕ್ಕೆ
ಮಣೆ ಹಾಕುವುದಿಲ್ಲ.
ಬೆಣ್ಣೆಯ ಹಾಗೆ ಕುಯ್ಯಬಹುದು, ಸರಿ,
ಬೆಣ್ಣೆಯ ಹಾಗೇ ಸವೆಯುತ್ತೆ ಅನ್ನುತ್ತಾರೆ.
ನಿಜವೇ. ನಮಗೆ ಸಿಕ್ಕ ಪ್ಲಾಸ್ಟಿಕ್ಕು
ನಜರೆಯ ಹಳೆಯ ಮೀನುಬುಟ್ಟಿಗಳನ್ನು ಅರೆದದ್ದು;
ಹೊಟ್ಟೆಯಲ್ಲಿನ್ನೂ ಕಡಲ ಮರಳು.
ಬರಿಮೈ ಲೋಹದ ಮೇಲೆ ಆ ಮರಳು
ನಾಲ್ಕು ನೂರು ಸಲ ಹರಿದರೆ
ಅಚ್ಚು ಉಳಿದೀತು, ಅಚ್ಚುಕಟ್ಟು ಉಳಿಯದು.

ಅದಕ್ಕೇ ಜುಲ್ಮೀರಾಳ ತೊಟ್ಟಿ.
ಗಂಧಕಾಮ್ಲ, ಸೊನ್ನೆ ಡಿಗ್ರಿ.
ಹೊರಗೆ ಜುಲೈ, ಡಾಂಬರು ಚಪ್ಪಲಿಗೆ ಹತ್ತುತ್ತಿದೆ;
ಒಳಗೆ ಪೈಪುಗಳ ಮೇಲೆ ಹಿಮ.
ಕೊಕ್ಕೆಗೆ ಸಿಕ್ಕಿಸಿದ ಅಚ್ಚನ್ನು ಅವಳು
ಹಸುಗೂಸಿಗೆ ನೀರು ಹಾಕುವವಳಂತೆ ಇಳಿಸುತ್ತಾಳೆ,
ಕರೆಂಟನ್ನು ಗುಟುಕು ಗುಟುಕಾಗಿ ಏರಿಸುತ್ತಾಳೆ.
"ಇದು ಬಣ್ಣವಲ್ಲ" ಅನ್ನುತ್ತಾಳೆ ಪ್ರತಿ ಸಲ,
ಯಾರೂ ಕೇಳದಿದ್ದರೂ.
"ಲೋಹ ತನ್ನನ್ನೇ ತಿಂದು ಕಟ್ಟಿಕೊಳ್ಳುವ ಚರ್ಮ.
ಅರ್ಧ ಒಳಗೆ ಬೆಳೆಯುತ್ತೆ, ಅರ್ಧ ಹೊರಗೆ.
ಮಾಣಿಕ್ಯ, ನೀಲ ಎರಡೂ ಇದರ ದಾಯಾದಿಗಳು.
ಹೋಗು, ನಿನ್ನ ಅಳತೆ ತಿದ್ದು."

ತಿದ್ದಿದ್ದೆ. ಐವತ್ತು ಮೈಕ್ರಾನ್ ಪದರ;
ಇಪ್ಪತ್ತೈದು ಹೊರಗೆ ಬಂದೀತೆಂದು
ಅಷ್ಟನ್ನು ಮೊದಲೇ ಕೆರೆದಿದ್ದೆ.
ಇನ್ನೂ ಹುಟ್ಟದ ಮೈಗೆ ಜಾಗ ಬಿಡುವುದು,
ಅಮ್ಮ ನನ್ನ ಲಂಗಕ್ಕೆ
ಮುಂದಿನ ವರ್ಷಕ್ಕೆಂದು ಬಿಡುತ್ತಿದ್ದ
ಒಳಮಡಿಕೆಯ ಹಾಗೆ.

ಹೊರಬಂತು, ಒದ್ದೆ ಸ್ಲೇಟಿನ ಬಣ್ಣ.
ಉಕ್ಕಿನಲ್ಲಿ ನಲವತ್ತು ಸೆಕೆಂಡು ಹಿಡಿಯುವ ಬಟ್ಟಲು
ಇಲ್ಲಿ ಹತ್ತೊಂಬತ್ತಕ್ಕೇ ತಣಿದು
ಠಪ್ಪೆಂದು ಬುಟ್ಟಿಗೆ. ಮತ್ತೊಂದು. ಮತ್ತೊಂದು.
ಇನ್ನೂರ ಹನ್ನೊಂದನೆಯದರ ತುಟಿಯಲ್ಲಿ
ಒಂದು ಗೆರೆ, ಕೂದಲೆಳೆ.
ಇನ್ನೂರ ನಲವತ್ತಕ್ಕೆ ಅಚ್ಚಿನ ಅಂಚು
ಹಪ್ಪಳದ ಹಾಗೆ ಚೂರು ಬಿಟ್ಟಿತು.

ಆ ರಾತ್ರಿ ನಾನು ಜುಲ್ಮೀರಾಳ ತೊಟ್ಟಿಯನ್ನು ಬೈದೆ.
ಅವಳು ನನ್ನ ಡ್ರಾಯಿಂಗನ್ನು ಬೈದಳು.
ಅಡೆರಿತು ಇಬ್ಬರಿಗೂ ಕಾಫಿ ತಂದು
ಎರಡನ್ನೂ ತಾನೇ ಕುಡಿದ.

ಬೆಲ್ಮೀರು ಬಂದದ್ದು ಶನಿವಾರ,
ಮೊಮ್ಮಗಳ ಸೈಕಲ್ಲಿನ ಪೆಡಲ್ ಸರಿಮಾಡಿಸಲು.
ಗಾಜಿನ ಕಾಲದ ಮನುಷ್ಯ, ಎಂಬತ್ತೊಂದು ತುಂಬಿತ್ತು;
ಬೀಡುಕಬ್ಬಿಣದ ಅಚ್ಚುಗಳಿಗೆ ಮಸಿಯೆಣ್ಣೆ ಸವರಿದ ಕೈ,
ಎರಡು ಬೆರಳಿಗೆ ತುದಿಯಿಲ್ಲ.
ಹೆಬ್ಬೆರಳನ್ನು ಅಂಚಿನ ಮೇಲೆ ಎಳೆದ,
ಕಣ್ಣು ಮುಚ್ಚಿ, ಸಾರಿಗೆ ಉಪ್ಪು ನೋಡುವವನಂತೆ.
"ಇದು ಒಂದು ದಿಕ್ಕಿಗೆ ಬೆಳೆದಿದೆ,
ಇದು ಇನ್ನೊಂದು ದಿಕ್ಕಿಗೆ.
ನಡುವೆ ಯಾರೂ ಇಲ್ಲ.
ಮೂಲೆ ಯಾಕಿಷ್ಟು ಮೊನೆ?"
ಚೆನ್ನಾಗಿ ಕಾಣಲಿ ಅಂತ, ಅಂದೆ.
"ಯಾರಿಗೆ? ಮರಕ್ಕೆ?"

ಅರ್ಧ ಮಿಲಿಮೀಟರು ದುಂಡಗೆ.
ಹಳೆಯ ಚರ್ಮವನ್ನು ಕ್ಷಾರದಲ್ಲಿ ಕರಗಿಸಿ,
ಅಂಚು ಉಜ್ಜಿ, ಮತ್ತೆ ಚಳಿಗೆ ಇಳಿಸಿದೆವು.
ಲೋಹ ತಿಂದದ್ದು ತಿರುಗಿ ಬರುವುದಿಲ್ಲ:
ಈ ಬಟ್ಟಲುಗಳು ನಕ್ಷೆಗಿಂತ ಒಂದೆಳೆ ದಪ್ಪ.
ಬಿಲ್ಲಿನಲ್ಲಿ ಅದನ್ನು ಬರೆದಿಲ್ಲ.

ಸೆಪ್ಟೆಂಬರಿನಲ್ಲಿ ನೋಡಲು ಹೋದೆ.
ಕರಿ ಬೊಡ್ಡೆಗಳಾಚೆ ಉಳಿದ ಸಾಲು,
ಪ್ರತಿ ಗಾಯದಡಿ ನಮ್ಮದೊಂದು.
ಒಂದರಲ್ಲಿ ಇರುವೆ ಮುಳುಗಿತ್ತು.
ಒಂದು ಹನಿ ಬೀಳಲೆಂದು ಕಾದೆ,
ಅಭ್ಯಾಸಬಲ, ಹತ್ತೊಂಬತ್ತರವರೆಗೆ ಎಣಿಸಿದೆ.
ಬೀಳಲಿಲ್ಲ. ಮತ್ತೆ ಎಣಿಸಿದೆ.
ಕೊನೆಗೆ ಕಣ್ಣು ಮುಚ್ಚಿ
ಬಟ್ಟಲಿನ ತುಟಿಯ ಮೇಲೆ ಹೆಬ್ಬೆರಳು ಎಳೆದೆ.
ಅಂಟಿಕೊಂಡಿತು.
ಮೂರು ದಿನ ಸೋಪಿಗೂ ಹೋಗಲಿಲ್ಲ,
ಬ್ರೆಡ್ಡಿಗೂ ಕಾಡಿನ ವಾಸನೆ.